ಐದಕ್ಕೆ ಎರಡು

ಅವನು ನಗುತ್ತಲೇ ಬಂದು ಎದುರಿಗೆ ಕೂತದ್ದು ಅವಳಿಗೆ ಇನ್ನಷ್ಟು ಕಷ್ಟವಾಯಿತು. ಸಿಟ್ಟಿನಿಂದ ಬಂದಿದ್ದರೆ ಹೇಗೋ ನಿಭಾಯಿಸಬಹುದಿತ್ತು.

ಇಬ್ಬರೂ ಲಾ ಕಾಲೇಜಿನಲ್ಲಿ ಪಾಠ ಮಾಡುವವರು, ಆದರೆ ಬೇರೆ ಬೇರೆ ಕಾಲೇಜು. ಅವಳದು ಹೆಸರಾಂತ ಕಾಲೇಜು; ಅಲ್ಲಿ ಅರೆಕಾಲಿಕ ಪಾಠ, ಉಳಿದ ಹೊತ್ತು ಕೋರ್ಟಿನಲ್ಲಿ ವಕೀಲಿ. ಅವನದು ಚಿಕ್ಕದು; ಅಲ್ಲಿ ಅವನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಡವರಿಗಾಗಿ ಉಚಿತ ಕಾನೂನು ನೆರವು ಕೇಂದ್ರ ನಡೆಸುತ್ತಿದ್ದ. ಅಣಕು ನ್ಯಾಯಾಲಯದ ಸ್ಪರ್ಧೆಯೊಂದರಲ್ಲಿ ಜಡ್ಜುಗಳಾಗಿ ಅಕ್ಕಪಕ್ಕ ಕೂತಿದ್ದೇ ಪರಿಚಯ. ಹುಡುಗರ ವಾದ ಕೇಳುವುದು ಬಿಟ್ಟು ಅವನು ತನ್ನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದುದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗದವಳಂತೆ ಕೂದಲು ಸರಿಮಾಡಿಕೊಂಡಿದ್ದಳು. ಆಮೇಲೆ ಶನಿವಾರಗಳೆಲ್ಲ ಈ ಕಾಫಿ ಅಂಗಡಿಗೇ ಮೀಸಲಾದವು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ.

ಲಾ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಸಂಸ್ಥೆ ಪ್ರತಿವರ್ಷ ಕೆಲವು ಅಧ್ಯಾಪಕರನ್ನು ಬೇರೆ ಕಾಲೇಜುಗಳ ಬಗ್ಗೆ ನಿಮಗಿರುವ ಗೌರವಕ್ಕೆ ಐದಕ್ಕೆ ಎಷ್ಟು ಅಂಕ ಎಂದು ಕೇಳುತ್ತದೆ. ಈ ಸಲ ಇಬ್ಬರ ಸರದಿಯೂ ಬಂದಿತ್ತು. ಅವನ ಕಾಲೇಜಿಗೆ ನಾಲ್ಕು ಸಲ್ಲಬೇಕು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ನಾಲ್ಕು ಒತ್ತುವ ಹೊತ್ತಿಗೆ ಮನಸ್ಸು ಚುಚ್ಚಿತು: ಇದು ಕಾಲೇಜಿಗೋ, ಅವನ ಕೆನ್ನೆಯ ಗುಳಿಗೋ? ತಾನು ಪಕ್ಷಪಾತಿಯಲ್ಲ ಎಂದು ತನಗೇ ತೋರಿಸಿಕೊಳ್ಳಲು ಎರಡು ಒತ್ತಿದಳು. ಜಾಣೆ! ಆವತ್ತು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು ಕೂಡ.

ಈಗ ಫಲಿತಾಂಶ ಬಂದಿತ್ತು. ಗೌರವದ ಅಂಕ ಕೂದಲೆಳೆಯಷ್ಟು ಕಡಿಮೆಯಾಗಿ ಅವನ ಕಾಲೇಜು ಕೆಳಗೆ ಜಾರಿತ್ತು. ಆಡಳಿತ ಮಂಡಳಿ ಮೊದಲು ಕತ್ತರಿ ಹಾಕಿದ್ದು ನೆರವು ಕೇಂದ್ರಕ್ಕೆ; ಅದರ ವಕೀಲರನ್ನೂ ಬಿಡಿಸಿತ್ತು.

"ಬಿದ್ದಿದ್ದು ನಮ್ಮ ಕಾಲೇಜು, ಮುಖ ಬಾಡಿರೋದು ನಿಂದು," ಎಂದು ಅವನು ಛೇಡಿಸಿದ.

"ನಾನು ಎರಡು ಕೊಟ್ಟೆ."

ಸಕ್ಕರೆ ಕಲಕುತ್ತಿದ್ದ ಚಮಚ ನಿಂತಿತು. ಅವನು ಯಾಕೆ ಎಂದು ಕೇಳಿದ. ನಾಲ್ಕು ಕೊಟ್ಟರೆ ಅವನಿಗೋಸ್ಕರ ಕೊಟ್ಟಂತಾಗುತ್ತಿತ್ತು ಎಂದು ತೊದಲಿದಳು. ಸಂಸ್ಥೆಗೆ ಬರೆದು ಬೇಡಿಕೊಂಡಿದ್ದನ್ನೂ, ಪ್ರಕಟವಾದ ಮೇಲೆ ಬದಲಾಯಿಸುವುದಿಲ್ಲ ಎಂದು ಅವರು ಉತ್ತರಿಸಿದ್ದನ್ನೂ ಹೇಳಿದಳು.

"ಅಂದ್ರೆ, ನನ್ನ ಮೇಲೆ ಮನಸ್ಸಿದೆ ಅಂತ ನನ್ನ ಜನರಿಗೆ ಶಿಕ್ಷೆ ಕೊಟ್ಟೆ," ಎಂದ ಅವನು ಮೆಲ್ಲಗೆ. ಸೋಮವಾರ ಒಬ್ಬ ಅಜ್ಜಿಯ ಮನೆ ಖಾಲಿ ಮಾಡಿಸುವ ಕೇಸಿನ ವಿಚಾರಣೆಯಿದೆ, ಆ ಅಜ್ಜಿಗೆ ಏನು ಹೇಳಲಿ ಎಂದ.

ನಾಚಿಕೆಯಿಂದ ತಲೆಯೆತ್ತದೆಯೇ ಅವಳು, ನಮ್ಮ ಕಾಲೇಜಿಗೆ ನೀನೆಷ್ಟು ಕೊಟ್ಟೆ ಎಂದು ಕೇಳಿದಳು.

"ಏನೂ ಕೊಡ್ಲಿಲ್ಲ. ಅಲ್ಲಿ ನಾನು ಪ್ರೀತಿಸೋರು ಒಬ್ರಿದ್ದಾರೆ, ಅಂಕ ಕೊಡೋಕೆ ನಾನು ಯೋಗ್ಯನಲ್ಲ ಅಂತ ಬರೆದು ಬಿಟ್ಟೆ."

ಅಷ್ಟು ಸುಲಭವಿತ್ತು. ನ್ಯಾಯ ಕಲಿಸುವ ತನಗೆ ಅದು ಹೊಳೆಯಲೇ ಇಲ್ಲ ಎಂದುಕೊಂಡು ಅವಳು ಅತ್ತುಬಿಟ್ಟಳು. ಯಾವ ಹೆಣ್ಣೂ ತಾನು ಮೆಚ್ಚಿದವನು ತನ್ನನ್ನು ಪ್ರೀತಿಸುತ್ತಾನೆಂದು ತಿಳಿದಾಗ ಇಷ್ಟು ಕುಗ್ಗಿರಲಿಕ್ಕಿಲ್ಲ.

ಕಣ್ಣೊರೆಸಿಕೊಂಡು, ಅಜ್ಜಿಯ ಕಾಗದಗಳನ್ನು ಕೊಡು, ಸೋಮವಾರ ವಕೀಲಳಾಗಿ ನಾನೇ ನಿಲ್ಲುತ್ತೇನೆ, ಉಳಿದ ಕೇಸುಗಳಿಗೂ ಕೂಡ ಎಂದಳು. ಅವನು ಚೀಲದಿಂದ ಕಟ್ಟನ್ನು ತೆಗೆದು ಅವಳ ಮುಂದಿಟ್ಟ.

"ಇನ್ನೂ ಕ್ಷಮಿಸಿಲ್ಲ ನಾನು."

"ಗೊತ್ತು. ಮತ್ತೆ ಹೊರಡಲ್ವಾ?"

"ಹೊರಡೋಕೆ ಆಗ್ತಿಲ್ಲ," ಎಂದು ಅವನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಮೊದಲ ಹಾಳೆಯನ್ನು ಓದಿ ಹೇಳತೊಡಗಿದ.