ಒಂದೇ ಸ್ಟೇಷನ್ನಿನ ರೇಡಿಯೋ

ಎಂಬತ್ತಮೂರರ ಚುನಾವಣೆಯ ಫಲಿತಾಂಶ ಬಂದ ಮಾರನೆಯ ದಿನ, ಶಹರ್ಬಾನು ಮನೆಯ ರೇಡಿಯೋವನ್ನು ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿಕೊಂಡು ಯಲಹಂಕದ ಹಳೇಪೇಟೆಯ ರಿಪೇರಿ ಅಂಗಡಿಗೆ ಬಂದಳು.

ಅಂಗಡಿಯ ಜಮೀರ್ ಗಂಟು ಬಿಚ್ಚಿದ. ಮರದ ಡಬ್ಬಿ ಎರಡು ಹೋಳಾಗಿತ್ತು.

"ಮಹಡಿಯಿಂದ ಬಿತ್ತಾ?"

"ನಮ್ಮನೆಗೆ ಮಹಡಿ ಇಲ್ಲ."

"ಮತ್ತೆ?"

"ಕೈ ಪಾರ್ಟಿ ಸೋತಿದೆ ಅಂತ ವಾರ್ತೇಲಿ ಹೇಳಿದ್ರು. ನಮ್ಮಬ್ಬಾ ಇದನ್ನ ಎತ್ತಿ ಅಂಗಳಕ್ಕೆ ಎಸೆದ್ರು."

ಜಮೀರ್ ತುಟಿ ಕಚ್ಚಿ ಹಿಡಿದ. ಆಗಲಿಲ್ಲ. ನಕ್ಕೇಬಿಟ್ಟ. ಅವನೇನೂ ದೊಡ್ಡ ಚೆಲುವನಲ್ಲ. ಮೂಗು ಉದ್ದ, ಬೆರಳ ತುದಿಗಳೆಲ್ಲ ಸುಟ್ಟ ಕಲೆ. ಆದರೆ ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅದನ್ನು ನೋಡಿ ಶಹರ್ಬಾನುವಿಗೆ ಸಿಟ್ಟು ಬಂತು. ನೋಡುತ್ತಲೇ ಇರಬೇಕು ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ರಿಪೇರಿ ಮಾಡ್ತೀರೋ, ನಗ್ತಾನೇ ಕೂತಿರ್ತೀರೋ?"

"ಎರಡೂ ಮಾಡ್ತೀನಿ ಟೀಚರಮ್ಮ. ಸ್ಟೇಷನ್ ಎಲ್ಲಾ ಚೆನ್ನಾಗಿ ಹಿಡೀತಿತ್ತಾ?"

"ನಮ್ಮದು ಒಂದೇ ಸ್ಟೇಷನ್ನಿನ ರೇಡಿಯೋ. ಬೆಂಗಳೂರು ಮಾತ್ರ ಬರೋದು."

ಜಮೀರ್ ಕತ್ತೆತ್ತಿದ. "ಅಂಥಾ ರೇಡಿಯೋ ಯಾವ ಕಂಪನಿನೂ ಮಾಡಲ್ಲ ಕಣ್ರೀ."

"ನಮ್ಮನೇಲಿದೆ. ನಾನು ಹೈಸ್ಕೂಲಿನಲ್ಲಿದ್ದಾಗಿಂದ ಕೇಳ್ತಿದೀನಿ. ನೀವು ಕಲಿಸಿಕೊಡ್ಬೇಡಿ."

ಜಮೀರ್ ಸ್ಕ್ರೂ ಬಿಚ್ಚಿ ಹಿಂಬದಿಯ ಹಲಗೆ ತೆಗೆದು ಅವಳತ್ತ ತಿರುಗಿಸಿದ. ಸ್ಟೇಷನ್ ತಿರುಗಿಸುವ ಗುಂಡಿಯ ಬುಡಕ್ಕೆ ಕೆಂಪು ಅರಗನ್ನು ಕರಗಿಸಿ ಸುರಿದಿದ್ದರು. ಅದರ ಮೇಲೆ ಪೋಸ್ಟ್ ಆಫೀಸಿನ ಮುದ್ರೆಯನ್ನೂ ಒತ್ತಿದ್ದರು.

ಶಹರ್ಬಾನು ಬಗ್ಗಿ ಆ ಮುದ್ರೆಯ ಮೇಲೆ ಬೆರಳಾಡಿಸಿದಳು. ಅವಳ ತಂದೆ ಖಾದರ್ ಬಾಷಾ ಯಲಹಂಕದ ಪೋಸ್ಟ್ ಆಫೀಸಿನಲ್ಲಿ ಕ್ಲರ್ಕು. ಈ ರೇಡಿಯೋ ಮನೆಗೆ ಬಂದದ್ದು ಎಮರ್ಜೆನ್ಸಿ ವರ್ಷ. ಸರ್ಕಾರಿ ನೌಕರನ ಮನೆಯಲ್ಲಿ ಯಾರಾದರೂ ಹೊರದೇಶದ ವಾರ್ತೆ ಕೇಳಿ, ಅದು ಯಾರ ಕಿವಿಗಾದರೂ ಬಿದ್ದರೆ? ಹೆದರಿದ ಮನುಷ್ಯ ಮನೆಗೆ ತರುವ ಮೊದಲೇ ಮುದ್ರೆ ಹಾಕಿಬಿಟ್ಟಿದ್ದ. ಎಮರ್ಜೆನ್ಸಿ ಹೋಯಿತು, ಅರಗು ಉಳಿಯಿತು.

"ತೆಗೀಲಾ?" ಜಮೀರ್ ಕೇಳಿದ. ಈಗ ನಗುತ್ತಿರಲಿಲ್ಲ.

"ತೆಗೀರಿ," ಎಂದವಳು ಹಿಂದೆ ನೋಡದೆ ಹೊರಟುಹೋದಳು.

ಶಹರ್ಬಾನು ಹುಣಸಮಾರನಹಳ್ಳಿಯ ಶಾಲೆಯಲ್ಲಿ ಟೀಚರು. ಸಂಜೆ ಬಸ್ಸಿಳಿದರೆ ದಾರಿಯಲ್ಲೇ ಅಂಗಡಿ. ರೇಡಿಯೋ ಆಯಿತಾ ಎಂದು ಕೇಳಲು ಅವಳು ನಿಲ್ಲುವಳು. ಇನ್ನೂ ಆಗಿಲ್ಲ ಎಂದು ಅವನು ಹೇಳುವನು. ಇಬ್ಬರ ಮನೆಯಲ್ಲೂ ಉರ್ದು. ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಜಗಳವಾಡಲು ಅವರಿಗೆ ಕನ್ನಡವೇ ಒದಗುತ್ತಿತ್ತು.

"ಕೈ ಇಲ್ದೆ ಬಡವರು ಬದುಕೋದು ಹೆಂಗೆ? ಮನೆ ಕೊಟ್ಟೋರು ಯಾರು, ಸಾಲ ಮನ್ನಾ ಮಾಡಿದೋರು ಯಾರು?" ಎನ್ನುವಳು.

"ನೇಗಿಲು ಹೊತ್ತ ರೈತನಿಗೇ ನನ್ನ ಓಟು. ಸ್ಟ್ರೈಕ್ ಮುರಿದೋರಿಗೆ ನಾನು ಹಾಕಲ್ಲ," ಎನ್ನುವನು. ಅವನ ತಂದೆ ಮುಕ್ತಾರ್ ಯಶವಂತಪುರದ ಕಾರ್ಖಾನೆಯೊಂದರ ಯೂನಿಯನ್ ಮನುಷ್ಯ.

ಒಂದು ಸಂಜೆ ಜಮೀರ್ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು, "ಟೀಚರಮ್ಮ, ಬೇಜಾರು ಮಾಡ್ಕೋಬೇಡಿ. ಇದೆಲ್ಲ ನಿಮ್ಮಬ್ಬಾ ಮಾತು. ನಿಮ್ಮ ಮಾತು ಯಾವುದು?" ಎಂದ.

ಶಹರ್ಬಾನುವಿನ ಕೆನ್ನೆ ಕೆಂಪಾಯಿತು. "ಸ್ಟ್ರೈಕ್ ನಡೆದಾಗ ನೀವು ಕಾರ್ಖಾನೇಲಿ ಇದ್ರಾ?"

"ಇಲ್ಲ."

"ಇಲ್ಲಿ ಕೂತು ದಿನಾ ವಾರ್ತೆ ಕೇಳ್ತೀರಾ?"

"ವಾರ್ತೆ ಬಂದ್ರೆ ಬೇರೆ ಸ್ಟೇಷನ್ನಿಗೆ ತಿರುಗಿಸ್ತೀನಿ. ಹಾಡು ಕೇಳ್ತೀನಿ."

"ಹಾಗಾದ್ರೆ ನಿಮ್ಮೊಳಗಿನ ಅರಗು ಯಾರು ತೆಗೀಬೇಕು ಸ್ವಾಮಿ?"

ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಗಿರಾಕಿಗಳ ಮುಂದೆ ಜಮೀರನ ಬಾಯಿ ಹಾಗೆ ಮುಚ್ಚಿಸಿದವರು ಯಾರೂ ಇರಲಿಲ್ಲ. ಅವಮಾನವಾಗಬೇಕಿತ್ತು, ಖುಷಿಯಾಯಿತು. ರೇಡಿಯೋ ಆ ಸಂಜೆಯೇ ರಿಪೇರಿಯಾಗಿ ಅವಳ ಮನೆ ಸೇರಿತು.

ಮಾರನೆಯ ದಿನ ಶಹರ್ಬಾನು ಪೌರನೀತಿ ಪಾಠ ಮಾಡುತ್ತ ಮಕ್ಕಳನ್ನು ಕೇಳಿದಳು: "ಯಾವ ಪಕ್ಷ ಒಳ್ಳೇದು?"

"ನಮ್ಮನೇಲಿ ನೇಗಿಲು, ಮಿಸ್," ಎಂದಳು ಮುಂದಿನ ಸಾಲಿನ ಹುಡುಗಿ.

"ಯಾಕೆ?"

"ಇಂಗೆಲ್ಲಾ ಕೇಳಿದ್ರೆ ನಮ್ಮಪ್ಪ ಒಡೀತಾನೆ, ಮಿಸ್."

ತರಗತಿಯೆಲ್ಲ ನಕ್ಕಿತು. ಶಹರ್ಬಾನುವಿಗೆ ನಗು ಬರಲಿಲ್ಲ. ಮೊದಲ ಓಟಿಗೆ ಹೊರಟಾಗ ಯಾವ ಗುರುತು ಎಂದು ಅಬ್ಬಾ ನೆನಪಿಸಲೂ ಇಲ್ಲ. ಅವಳು ತಾನಾಗಿ ಹೋಗಿ ಕೈಗೇ ಒತ್ತಿ ಬಂದಿದ್ದಳು. ಈ ಹುಡುಗಿಗಾದರೂ ಏಟಿನ ಭಯ ಇತ್ತು. ತನಗೆ ಅದೂ ಬೇಕಾಗಿರಲಿಲ್ಲ.

ಆ ದಿನ ಮನೆಗೆ ಬಂದು ಮೊದಲ ಸಲ ಗುಂಡಿ ತಿರುಗಿಸಿದಳು. ಕೊಲಂಬೋ ಬಂತು. ಲಂಡನ್ನಿನ ಹಿಂದಿ ವಾರ್ತೆ ಬಂತು. ಬೆಂಗಳೂರು ಒಂದು ಸಾಲಿನಲ್ಲಿ ಹೇಳಿದ್ದನ್ನು ಅದು ಹತ್ತು ಸಾಲು ಹೇಳಿತು. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳಿದರು. ಯಾರನ್ನು ನಂಬಬೇಕು ಎಂದು ತಿಳಿಯಲಿಲ್ಲ. ತಿಳಿಯದೆ ಇರುವುದೂ ಹಿತವಾಗಿತ್ತು. ಕೇಳಿದ್ದೆಲ್ಲವನ್ನೂ ಓಡಿಹೋಗಿ ಹೇಳಬೇಕು ಅನ್ನಿಸಿದ್ದು ಒಬ್ಬನಿಗೇ.

ಅಂಗಡಿಗೆ ಹೋಗಲು ಈಗ ನೆಪವಿರಲಿಲ್ಲ. ನೆಪವಿಲ್ಲದೆಯೇ ಹೋದಳು. ಜಮೀರನ ಟ್ರಾನ್ಸಿಸ್ಟರಿನಲ್ಲಿ ಪ್ರದೇಶ ಸಮಾಚಾರ ಬರುತ್ತಿತ್ತು. ಅವನು ಹಾಡಿಗೆ ತಿರುಗಿಸಿರಲಿಲ್ಲ.

"ನಮ್ಮ ಅಮ್ಮೀನ ನಿಮ್ಮನೆಗೆ ಕರ್ಕೊಂಡು ಬರ್ಲಾ?" ಎಂದ, ಕೈಯಲ್ಲಿದ್ದ ತಂತಿಯನ್ನೇ ನೋಡುತ್ತ.

"ಬನ್ನಿ. ಆದ್ರೆ ಅಬ್ಬಾ ಒಂದೇ ಪ್ರಶ್ನೆ ಕೇಳ್ತಾರೆ, ಓಟು ಯಾರಿಗೆ ಅಂತ. ಬಂದಿದ್ದ ಒಂದು ಸಂಬಂಧ ಅದಕ್ಕೇ ವಾಪಸ್ ಹೋಯ್ತು."

"ಸುಳ್ಳು ಹೇಳಿದ್ರೆ?"

"ಅಬ್ಬಾ ಒಪ್ತಾರೆ. ನಾನು ಒಪ್ಪಲ್ಲ."

"ನಿಜ ಹೇಳಿದ್ರೆ?"

"ನಾನು ಒಪ್ತೀನಿ. ಅಬ್ಬಾ ಒಪ್ಪಲ್ಲ." ಅಷ್ಟು ಹೇಳಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅಬ್ಬಾ ಬೇಡ ಅಂದರೆ ಆ ಮನೆಯಲ್ಲಿ ಎರಡನೇ ಮಾತಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ನಮಾಜ್ ಮುಗಿದ ಮೇಲೆ ಜಮೀರ್, ತಾಯಿ ಸಬೀರಾ ಬಂದರು. ಮುಕ್ತಾರ್ ಬೀದಿಯ ಕೊನೆಯಲ್ಲೇ ಉಳಿದು ಬೀಡಿ ಹಚ್ಚಿದ. ಕೈ ಪಾರ್ಟಿಯವನ ಹೊಸ್ತಿಲು ತಾನು ದಾಟುವುದಿಲ್ಲವಂತೆ.

ಖಾದರ್ ಬಾಷಾ ಚಹಾ ಲೋಟ ಕೆಳಗಿಟ್ಟರು. "ಒಂದೇ ಪ್ರಶ್ನೆ ಬೇಟಾ. ಓಟು ಯಾರಿಗೆ ಒತ್ತಿದೆ?"

ಸಬೀರಾ ಮಗನ ಬೆನ್ನು ಚಿವುಟಿದಳು. ದಾರಿಯುದ್ದಕ್ಕೂ ಕಲಿಸಿಕೊಂಡು ಬಂದಿದ್ದಳು: ಕೈ ಅನ್ನು, ನಿಕಾಹ್ ಆದ ಮೇಲೆ ಏನು ಬೇಕಾದರೂ ಅನ್ನು.

ಒಳಬಾಗಿಲಿಗೆ ಪರದೆ. ಪರದೆಯ ಕೆಳಗೆ ಎರಡು ಪಾದ. ಜಮೀರ್ ಆ ಪಾದಗಳನ್ನೇ ನೋಡುತ್ತ ಹೇಳಿದ: "ನೇಗಿಲಿಗೆ."

"ನನ್ನ ಮನೇಲಿ ಕೂತು ನೇಗಿಲು ಅಂತೀಯಾ!" ಖಾದರ್ ಬಾಷಾ ಎದ್ದುನಿಂತರು. "ಯಾಕೆ? ಕಾರಣ ಹೇಳು!"

"ನಮ್ಮಬ್ಬಾ ನೇಗಿಲು ಅಂದ್ರು, ಒತ್ತಿದೆ. ನನ್ನದು ಅನ್ನೋ ಕಾರಣ ಇರ್ಲಿಲ್ಲ. ಈಗ ಹುಡುಕ್ತಿದೀನಿ. ಮುಂದಿನ ಸಲ ನಿಮ್ಮ ಮಗಳನ್ನ ಕೇಳಿ, ಜಗಳ ಆಡಿ, ಆಮೇಲೆ ಒತ್ತೋದು."

ಖಾದರ್ ಬಾಷಾ ಗಡ್ಡ ಸವರಿಕೊಂಡರು. ಇವನು ಮಗಳನ್ನು ಕೇಳುತ್ತಾನೆ. ಮಗಳು ತಮ್ಮ ಮಾತು ಮೀರುವುದಿಲ್ಲ. ಹಾಗಾದರೆ ಕೈಗೆ ಒಂದು ಓಟು ಲಾಭವೇ! ಮತ್ತೆ ಕೂತರು. "ಸಬೀರಾ ಬೀ, ಹುಡುಗ ಕೆಟ್ಟವನಲ್ಲ."

ಪರದೆ ಸರಿಯಿತು. "ಅಬ್ಬಾ, ಇನ್ಮೇಲೆ ನಾನು ಯಾರನ್ನೂ ಕೇಳಿ ಒತ್ತಲ್ಲ." ಶಹರ್ಬಾನು ಮೂಲೆಯ ರೇಡಿಯೋದ ಕಡೆ ಕೈ ತೋರಿಸಿದಳು. "ರೇಡಿಯೋ ಗುಂಡಿ ಈಗ ತಿರುಗುತ್ತೆ. ದಿನಾ ತಿರುಗಿಸ್ತೀನಿ."

ಸಬೀರಾ ಸೆರಗು ಬಾಯಿಗೆ ಒತ್ತಿಕೊಂಡಳು. ಸಂಬಂಧ ಮುರಿಯಿತು ಎಂದೇ ಅವಳು ತಿಳಿದಳು.

ಖಾದರ್ ಬಾಷಾ ರೇಡಿಯೋದ ಕಡೆ ನೋಡಿದರು, ಮಗಳ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಗೊತ್ತು. ನೀನಿಲ್ಲದಾಗ ನಾನೂ ತಿರುಗಿಸ್ತೀನಿ," ಎಂದರು. ತಕ್ಷಣ ದನಿ ಏರಿಸಿದರು. "ಆದ್ರೂ ನನ್ನ ಓಟು ಕೈಗೇ! ಏನೋ ಹುಡುಗ, ನಗ್ತಾ ಕೂತಿದೀಯಾ? ಬೀದೀಲಿ ಬೀಡಿ ಸೇದ್ತಾ ನಿಂತಿದೆಯಲ್ಲ ಆ ನೇಗಿಲು, ಒಳಗೆ ಕರಿ. ಚಹಾ ಆರ್ತಿದೆ."

ಜಮೀರ್ ಎದ್ದ. ಪರದೆಯ ಪಕ್ಕ ಹಾದುಹೋಗುವಾಗ, ಅವಳಿಗೆ ಮಾತ್ರ ಕೇಳುವಂತೆ, "ನಮ್ಮ ಜಗಳ ಯಾವಾಗ ಶುರು, ಟೀಚರಮ್ಮ?" ಎಂದ.

"ನಿಕಾಹ್ ಮಾರನೇ ಬೆಳಗ್ಗೆ," ಎಂದಳು ಶಹರ್ಬಾನು. "ವಾರ್ತೆ ಮುಗಿದ ಕೂಡಲೇ."