ಕಲ್ಲಿನ ಇನ್ನೊಂದು ಹೋಳು

“ಅಜ್ಜಿ, ಲೈಟ್ ಹಾಕ್ಬೇಡ!” ಗುಬ್ಬಿ ಕಿರುಚಿದಳು.

ಕಿಟಕಿಯಿಂದ ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವಳ ಅಂಗೈಯಲ್ಲಿದ್ದ ಕಪ್ಪು ಕಲ್ಲಿನ ಮೇಲೆ ಕೂದಲಿನಂಥ ಗೆರೆಗಳು ಎದ್ದು ಕಾಣುತ್ತಿದ್ದವು. ಇಷ್ಟು ದಿನ ಅದು ಬರೀ ನುಣುಪು ಕಲ್ಲಾಗಿತ್ತು.

ಅದನ್ನು ಕೊಟ್ಟವಳು ಅಮ್ಮ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಕಲ್ಲುಗಳನ್ನು ಸೀಳಿ, ಒಳಗಿರುವ ಜೀವಿಗಳ ಅಚ್ಚು ಹುಡುಕುವುದು ಅಮ್ಮನ ಕೆಲಸ. ಒಮ್ಮೆ ಒಂದು ಕಲ್ಲು ಪುಸ್ತಕದಂತೆ ಎರಡಾಗಿ ತೆರೆದುಕೊಂಡಿತ್ತು. ಒಂದು ಹೋಳಿನಲ್ಲಿ ಏಡಿಯ ದೂರದ ನೆಂಟನಂಥ ಪುಟ್ಟ ಪ್ರಾಣಿಯ ಬೆನ್ನು. ಇನ್ನೊಂದು ಹೋಳು ಖಾಲಿ ಎಂದುಕೊಂಡು, ಅಮ್ಮ ಮತ್ತೆ ದೂರದ ಬೆಟ್ಟಕ್ಕೆ ಹೊರಡುವಾಗ ಗುಬ್ಬಿಗೆ ಕೊಟ್ಟಿದ್ದಳು.

“ನಾನು ಬರೋವರೆಗೂ ಇದು ನಿನ್ನ ಹತ್ರ ಇರಲಿ.”

ಅಂದಿನಿಂದ ಅದರ ಜಾಗ ದಿಂಬಿನ ಕೆಳಗೆ.

ಆ ಪ್ರಾಣಿ ಯಾವ ಗುಂಪಿನದು ಎಂದು ಯಾರಿಗೂ ಗೊತ್ತಾಗಿರಲಿಲ್ಲ. “ಕಾಲೇ ಕಾಣಲ್ವಲ್ಲ, ಹೇಗೆ ಹೇಳೋದು?” ಎಂದು ಅಮ್ಮ ಫೋನಿನಲ್ಲಿ ಪೇಚಾಡುತ್ತಿದ್ದಳು.

ಈ ಗೆರೆಗಳು ಕಾಲುಗಳೇ! ಗುಬ್ಬಿ ಕಲ್ಲನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಹೇಳಿದರೆ ಕಲ್ಲು ಅಮ್ಮ ಕೆಲಸ ಮಾಡುವ ಮ್ಯೂಸಿಯಂ ಪಾಲು.

“ಏನೇ ಅದು, ಮುಷ್ಟಿ ಮುಚ್ಕೊಂಡಿದ್ದೀಯ?” ಅಜ್ಜಿ ಕೇಳಿದರು.

“ಏನಿಲ್ಲ.”

ಅಜ್ಜಿ ಮತ್ತೆ ಕೇಳಲಿಲ್ಲ. ಲೈಟನ್ನೂ ಹಾಕಲಿಲ್ಲ.

ರಾತ್ರಿ ಕಲ್ಲನ್ನು ದಿಂಬಿನ ಕೆಳಗಿಟ್ಟರೂ ಗುಬ್ಬಿಗೆ “ಹೇಗೆ ಹೇಳೋದು?” ಎಂಬ ಅಮ್ಮನ ಮಾತೇ ಕೇಳಿಸುತ್ತಿತ್ತು. ಮರುದಿನ ಶಾಲೆ ಬಿಟ್ಟ ಮೇಲೆ ಗುಬ್ಬಿಯೇ ಅಜ್ಜಿಯನ್ನು ಮ್ಯೂಸಿಯಂಗೆ ಎಳೆದುಕೊಂಡು ಹೋದಳು. ಅಮ್ಮನ ಜೊತೆ ಕೆಲಸ ಮಾಡುವ ಕನ್ನಡಕದ ಮಾವ ಕಲ್ಲನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಲ್ಯಾಂಪನ್ನು ಓರೆಯಾಗಿ ಬಗ್ಗಿಸಿದರು.

“ಅಯ್ಯೋ! ಕಾಲನ್ನೆಲ್ಲ ಮಗಳಿಗೆ ಕೊಟ್ಟು, ನಿಮ್ಮಮ್ಮ ಬರೀ ಬೆನ್ನು ಇಟ್ಕೊಂಡು ಕೂತಿದ್ಲಾ!” ಮಾವ ನಕ್ಕರು. “ನೋಡಿಲ್ಲಿ, ಒಂದೊಂದು ಕಾಲಿಗೂ ಎರಡು ಕವಲು. ನಾವು ಅಂದ್ಕೊಂಡಿದ್ದ ಗುಂಪೇ ಅಲ್ಲ ಇದು!”

“ಗೊತ್ತಾಯ್ತಲ್ಲ. ಇನ್ನು ಅಮ್ಮ ಬಂದ್ಬಿಡ್ತಾಳಾ?”

ಮಾವ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ಬೆಟ್ಟದ ಕೆಲಸ ಇನ್ನೂ ಇದೆ, ಪುಟ್ಟಾ. ಆದ್ರೆ ಇದನ್ನ ಕೇಳಿದ್ರೆ ಇವತ್ತು ಖುಷಿಗೆ ಅವಳಿಗೆ ನಿದ್ದೆ ಬರಲ್ಲ.”

ಗುಬ್ಬಿ ತಲೆಯಾಡಿಸಿದಳು.

ಮಾವ ಕಪಾಟಿನಲ್ಲಿದ್ದ ಅಮ್ಮನ ಹೋಳನ್ನು ತಂದು, ಎರಡನ್ನೂ ಒಂದೇ ಡಬ್ಬಿಯ ಹತ್ತಿಯ ಮೇಲೆ ಪಕ್ಕಪಕ್ಕ ಮಲಗಿಸಿದರು.

“ಮಾವ, ಒಂದೇ ಸಲ ಜೋಡಿಸ್ಲಾ?”

ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಗುಬ್ಬಿ ತನ್ನ ಹೋಳನ್ನು ಮೆಲ್ಲಗೆ ಅಮ್ಮನ ಹೋಳಿನ ಮೇಲೆ ಕವುಚಿಟ್ಟಳು. ಇಷ್ಟು ದಿನ ಬೇರೆ ಬೇರೆ ಕಡೆ ಇದ್ದರೂ ಅಂಚಿಗೆ ಅಂಚು ಕೂದಲೆಳೆಯಷ್ಟೂ ಸಂದು ಬಿಡದೆ ಕೂತಿತು. ಅದರ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು.

“ಈಗ ಡಬ್ಬಿ ಮುಚ್ಚಿ, ಮಾವ.”