ಮೇ ಇಪ್ಪತ್ತರ ಹಾಳೆ

2025ರ ಜೂನ್ 9, ಸೋಮವಾರ, ಬೆಳಿಗ್ಗೆ 10.15. ತಮಿಳು ಸೀಮೆಯ ಅವಿನಾಶಿ ಪೊಲೀಸ್ ಠಾಣೆಗೆ ಬಂದ ಎಪ್ಪತ್ತೇಳರ ರುಕ್ಮಿಣಮ್ಮ ಹಳೆಯ ನೋಟ್‌ಬುಕ್ಕೊಂದನ್ನು ಇನ್‌ಸ್ಪೆಕ್ಟರ್ ಸತೀಶ್‌ಕುಮಾರನ ಮೇಜಿನ ಮೇಲೆ ಕುಕ್ಕಿದರು.

"ನಮ್ಮಪ್ಪನ್ ಕೈಬರಹ. ಯಾವನೋ ಒಂದ್ ಹಾಳೆ ಕಿತ್ಕೊಂಡ್ ಹೋಗವ್ನೆ. ಬರ್ಕೊಳ್ಳಿ ಸಾರ್."

ಒಂದು ಹಾಳೆಗೆ ಎಫ್‌ಐಆರಾ ಎಂದು ರೈಟರ್ ನಕ್ಕ. ಸತೀಶ್‌ಕುಮಾರ್ ಅವನನ್ನು ದುರುಗುಟ್ಟಿ ನೋಡಿದ.

ಆಕೆಯ ತಂದೆ ಸುಬ್ರಹ್ಮಣ್ಯ 1944ರಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಲೆಬನಾನಿನಲ್ಲಿದ್ದರು. ಜರ್ಮನರ ವಶದಲ್ಲಿದ್ದ ಗ್ರೀಸಿನಿಂದ ದೇಶಾಂತರ ಹೋಗಿದ್ದ ರಾಜಕಾರಣಿಗಳೂ, ಅಲ್ಲಿನ ಬೆಟ್ಟಗಳಲ್ಲಿ ಇನ್ನೂ ಹೋರಾಡುತ್ತಿದ್ದವರ ಪ್ರತಿನಿಧಿಗಳೂ ಒಂದೇ ರಾಷ್ಟ್ರೀಯ ಸರ್ಕಾರ ಕಟ್ಟಲು ಸೇರಿದಾಗ, ಆ ಸಭೆಯಲ್ಲಿ ಟೀ ಕೊಟ್ಟವರು ಸುಬ್ರಹ್ಮಣ್ಯ. ಒಪ್ಪಂದವಾದ ಮೇ ಇಪ್ಪತ್ತರಂದು ಹೀಗೆ ಬರೆದಿದ್ದರು: ಉಳಿದವರೆಲ್ಲ ಬೆಟ್ಟದವರನ್ನು ಸುತ್ತುವರಿದು ಬೈದರು; ಬೆಟ್ಟದವರು ಟೀ ಮುಟ್ಟದೆ ಸಹಿ ಹಾಕಿದರು.

ರುಕ್ಮಿಣಮ್ಮನ ಅಣ್ಣನ ಮಗ ಗುರುಪ್ರಸನ್ನ ಶರವಣಂಪಟ್ಟಿಯ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕ. ಆ ಒಪ್ಪಂದಕ್ಕೆ ಎಲ್ಲರೂ ಮನಸಾರೆ ಒಪ್ಪಿದ್ದರೆಂದು ಅವನು ಬರೆದ ಪುಸ್ತಕ ಬುಧವಾರ ಬಿಡುಗಡೆಯಾಗಲಿತ್ತು.

"ಸಭೇಲಿ ಎದ್ದು ಅಪ್ಪ ಬರ್ದಿದ್ದನ್ನ ಓದ್ತೀನಿ ಅಂದಿದ್ದೆ. ಗುರುವಾರ ಅವ್ನಿಗೂ ಓದಿ ಹೇಳ್ದೆ."

"ಮನೇಲಿ ಕನ್ನಡ ಓದೋರು ಇನ್ಯಾರಮ್ಮಾ?"

"ನಾನೊಬ್ಳೇ. ಅವ್ನೂ ಸೇರಿ ಮಿಕ್ಕೋರ್ಗೆಲ್ಲ ಓದೋಕೆ ಬರೋದು ತಮಿಳೇ."

ಸತೀಶ್‌ಕುಮಾರನೂ ಅಂಥವನೇ. ಅನ್ನೂರಿನ ನೇಕಾರರ ಮನೆ, ಮನೆಮಾತು ಕನ್ನಡ, ಅಕ್ಷರ ಒಂದೂ ಬಾರದು.

"ಹರಿದಿರೋದು ಅದೇ ಹಾಳೇನಾ?"

"ಅಲ್ಲ! ಅದು ಇಲ್ಲೇ ಐತೆ. ಹೋಗಿರೋದು ಏಪ್ರಿಲ್‌ದು. ಗುರುವಾರ ಮೇ ಹಾಳೇಲಿ ಗುರುತಿಗೆ ಬಸ್ ಟಿಕೆಟ್ ಇಟ್ಟಿದ್ದೆ, ಅವ್ನೂ ನೋಡಿದ್ದ. ಶನಿವಾರ ಏಪ್ರಿಲ್ ಹಾಳೆ ಓದಿ, ಟಿಕೆಟ್ ಅಲ್ಲೇ ಬಿಟ್ಟೆ."

11.40ಕ್ಕೆ ಮನೆಯಲ್ಲಿ ಪಂಚನಾಮೆ. ಮಂಚದ ಕೆಳಗೆ ಬಿದ್ದಿದ್ದ ಟಿಕೆಟನ್ನು ಕಾನ್‌ಸ್ಟೇಬಲ್ ಇಲಕ್ಕಿಯಾ ಹೆಕ್ಕಿದಳು. ಭಾನುವಾರ ಊಟಕ್ಕೆ ಬಂದಿದ್ದವನು ಗುರುಪ್ರಸನ್ನ ಒಬ್ಬನೇ.

ಮಧ್ಯಾಹ್ನ 2.40, ಗುರುಪ್ರಸನ್ನನ ಕಾಲೇಜು.

"ನಿಮ್ಮತ್ತೆಯವರ ನೋಟ್‌ಬುಕ್ಕಲ್ಲಿ ಯಾರೋ ಒಂದು ಹಾಳೆ ಹರಿದಿದಾರೆ."

"ಅಯ್ಯೋ ಪಾಪ. ಮೇ ಇಪ್ಪತ್ತರ ಹಾಳೆ ಅಂದ್ರೆ ಅತ್ತೆಗೆ ಜೀವ."

"ಯಾವ ಹಾಳೆ ಅಂತ ನಾನು ಹೇಳಲಿಲ್ವಲ್ಲ ಸಾರ್."

"ಇನ್ಯಾವ್ದು ಇರತ್ತೆ?"

"ಆ ಹಾಳೆ ಹಾಗೇ ಇದೆ. ಅದು ಹೋಯ್ತು ಅಂದ್ಕೊಂಡಿರೋನು ಟಿಕೆಟ್ ಗುರುತು ನಂಬಿ ಹರಿದವನೊಬ್ನೇ."

ಗುರುಪ್ರಸನ್ನ ಒಪ್ಪಿಕೊಂಡ. ಕಿತ್ತ ಹಾಳೆಯನ್ನು ಭಾನುವಾರವೇ ಸುಟ್ಟಿದ್ದ.

ಸಂಜೆ ಠಾಣೆಯಲ್ಲಿ ಅವನು ಅತ್ತೆಯ ಮೇಲೆಯೇ ರೇಗಿದ. "ಹದಿನಾಲ್ಕು ವರ್ಷ ಕೂತು ಬರ್ದಿದೀನತ್ತೆ! ಟೀ ಕೊಡೋನ ಒಂದ್ ಹಾಳೆಗೆ ಎಲ್ಲಾ ಹಾಳಾಗ್ಬೇಕಾ?"

"ಆ ಟೀ ಕೊಡೋನು ನಿನ್ ತಾತ ಕಣೋ!" ರುಕ್ಮಿಣಮ್ಮ ಮೇಜು ಗುದ್ದಿದರು. "ಸುಟ್ಯಲ್ಲಾ, ಅದ್ರಲ್ಲಿ ಏನಿತ್ತು ಗೊತ್ತಾ? ಗಂಡ್ಮಗು ಹುಟ್ಟೈತೆ ಅಂತ ಊರಿಂದ ಕಾಗ್ದ ಬಂದಿದ್ದು. ಆ ಮಗು ನಿಮ್ಮಪ್ಪ."

ಗುರುಪ್ರಸನ್ನ ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿದ. ಸತೀಶ್‌ಕುಮಾರನಿಗೆ ಅಯ್ಯೋ ಎನ್ನಿಸಲಿಲ್ಲ; ಕೈ ಮುಷ್ಟಿ ಕಟ್ಟಿಯೇ ಇತ್ತು. 5.30ಕ್ಕೆ ಬಂಧನ ದಾಖಲಾಯಿತು.

ತಾತನ ಮೇ ಇಪ್ಪತ್ತರ ಬರಹ ಸುಳ್ಳಿರಬಹುದು ಎಂದುಕೊಂಡೆಯಾ ಎಂದು ಕೇಳಿದ್ದಕ್ಕೆ ಆರೋಪಿ ತಲೆ ಎತ್ತದೆ ಕೊಟ್ಟ ಉತ್ತರವನ್ನು ರೈಟರ್ ಹಾಗೆಯೇ ಬರೆದುಕೊಂಡ: ಸುಳ್ಳೆಂದು ಒಂದು ಕ್ಷಣವೂ ಅನ್ನಿಸಲಿಲ್ಲ, ಅದಕ್ಕೇ ಕಿತ್ತೆ.